ಒಂದು ಮೂಟೆ ಎಡಗಾಲಿನ ಬೂಟು

ನನ್ನ ಗಂಡ ಯುದ್ಧಕ್ಕೆ ಹೋಗಿ ಬಂದವರು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರನ್ನು ಹಿಡಿದು ನಿಲ್ಲಿಸಿ ಹೇಳಲು ನಮ್ಮ ಅಳಿಯ ಇದ್ದಾನೆ. ಇವರಾಗಿಯೇ ಆ ಮಾತೆತ್ತುವವರಲ್ಲ. ವರ್ಷಕ್ಕೊಮ್ಮೆ ಟೀಚರಕ್ಕನ ಶಾಲೆಗೆ ಹೋಗಿ, ಮಕ್ಕಳ ಎದುರು ನಿಂತು, ಮೇಲ್ಗಣಿವೆಯ ಕಾಳಗದ ಕಥೆ ಹೇಳಿ ಬರುತ್ತಾರೆ. ಉಳಿದಂತೆ ಬಾಯಿಗೆ ಬೀಗ. ಮನೆಯಲ್ಲಂತೂ ಯುದ್ಧದ ಖಾತೆ ನನ್ನದು, ಅದರಲ್ಲಿ ಇವರು ಕೈ ಹಾಕುವುದಿಲ್ಲ.

ಇವರದು ಬೂಟು, ಚಪ್ಪಲಿ ರಿಪೇರಿಯ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಂಟಿನ ವಾಸನೆ ಅಡುಗೆಮನೆಯ ತನಕ ಬರುತ್ತದೆ. ಕೆಲಸ ಅಚ್ಚುಕಟ್ಟು, ವೇಗ ಮಾತ್ರ ಆಮೆಯದು. ಈ ಕಸುಬಿನವರೆಲ್ಲ ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು ಟಕ್ ಟಕ್ ಎಂದು ಹೊಡೆಯುತ್ತಾ ಹೋಗುತ್ತಾರೆ. ಇವರು ಮೊಳೆಯನ್ನು ಬಾಯಿಗೆ ಹಾಕುವುದಿಲ್ಲ. ಡಬ್ಬಿಯ ಮುಚ್ಚಳದಲ್ಲಿ ಹರವಿಕೊಂಡು ಬೆರಳಿನಿಂದ ಒಂದೊಂದೇ ಹೆಕ್ಕುತ್ತಾರೆ. ಅಷ್ಟರಲ್ಲಿ ಗಿರಾಕಿ ಒಂಟಿಕಾಲಲ್ಲಿ ನಿಂತು ನಿಂತು ಕೊಕ್ಕರೆಯಾಗಿರುತ್ತಾನೆ. "ಎಲ್ಲರೂ ಮಾಡೋ ಹಾಗೆ ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. "ಅಭ್ಯಾಸ ಇಲ್ಲ" ಎನ್ನುತ್ತಾರೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇವರು ತಮಾಷೆ ಮಾಡುವವರಲ್ಲ. ಎದುರಿನವರು ಏನಾದರೂ ಹೇಳಿ ನಕ್ಕರೆ ಮರ್ಯಾದೆಗೆ ತುಟಿ ಅಲುಗಿಸುತ್ತಾರೆ. ತಾವಾಗಿ ಒಂದು ಜೋಕು ಹೇಳಿದ್ದನ್ನು ನಾನಂತೂ ಕೇಳಿಲ್ಲ. "ಮಾತು ಕಮ್ಮಿ, ಒಳ್ಳೆ ಹುಡುಗ" ಎಂದು ನಮ್ಮಪ್ಪ ನನ್ನನ್ನು ಕೊಟ್ಟ. ಮಾತು ಕಮ್ಮಿ ಎಂಬುದು ಮೊದಲನೇ ದಿನವೇ ಖಚಿತವಾಯಿತು. ಒಳ್ಳೆಯವರು ಎಂಬುದಕ್ಕೆ ಸ್ವಲ್ಪ ಕಾಲ ಹಿಡಿಯಿತು.

ಟೀಚರಕ್ಕ ಎಂದರೆ ನಮ್ಮ ಎದುರುಮನೆಯವರು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಶಾಲೆಯನ್ನು ಬಿಟ್ಟಿಲ್ಲ, ಶಾಲೆಯೂ ಅವರನ್ನು ಬಿಟ್ಟಿಲ್ಲ. ಅವರಿಗಿದ್ದ ಒಬ್ಬನೇ ತಮ್ಮ ಇವರ ಜೊತೆ ಸೈನ್ಯದಲ್ಲಿದ್ದ. ಇಬ್ಬರೂ ಜೀವದ ಗೆಳೆಯರು. ಯುದ್ಧದಲ್ಲಿ ಅವನು ಹೋದ, ಇವರು ಉಳಿದರು. ಯುದ್ಧ ಮುಗಿದ ಮೇಲೆ ಗೆಳೆಯನ ಬಟ್ಟೆಚೀಲವನ್ನು ಅವನ ತಾಯಿಗೆ ಕೊಟ್ಟು ಹೋಗಲು ಈ ಬೀದಿಗೆ ಬಂದವರು ಹಿಂದಕ್ಕೆ ಹೋಗಲೇ ಇಲ್ಲ. ಆ ತಾಯಿ ಮಗನ ಕಡೆಯ ದಿನದ ಕಥೆ ಕೇಳಿದರಂತೆ. ಮರುದಿನ ಮತ್ತೆ ಕೇಳಿದರಂತೆ. ಆ ಮುದುಕಿಗೆ ಕಥೆ ಹೇಳಲು ಒಬ್ಬರು ಬೇಕಾಗಿತ್ತು, ಇವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಎದುರುಮನೆ ಖಾಲಿಯಿತ್ತು, ಅಂಗಡಿ ಹಾಕಿದರು. ತಾಯಿ ತೀರಿಕೊಂಡ ಮೇಲೆ ಕಥೆಯನ್ನು ಟೀಚರಕ್ಕ ಶಾಲೆಗೆ ವರ್ಗ ಮಾಡಿಸಿಕೊಂಡರು.

ಆ ಕಥೆಯನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಮೇಲ್ಗಣಿವೆಯಲ್ಲಿ ಹಿಮ ಬಿದ್ದಿತ್ತು. ಹಿಮದ ಅಡಿಯಲ್ಲಿ ಕೆಂಪು ಗರಸು ಮಣ್ಣು, ಅದರಲ್ಲಿ ಗಾಜಿನಂಥ ಚೂಪು ಕಲ್ಲು. ಆ ಕಲ್ಲಿಗೆ ಬೂಟಿನ ಅಟ್ಟೆ ಎಡಗಡೆಯಿಂದಲೇ ಸೀಳುತ್ತಿತ್ತು, ಯಾಕೆಂದರೆ ದಾರಿ ಒಂದೇ ಪಕ್ಕಕ್ಕೆ ಇಳಿಜಾರು. ಹಿಮ ಒಳಗಿಳಿದು ಚರ್ಮ ಬೆಂದ ಹಾಗಾಗುತ್ತಿತ್ತು, ಲೇಸು ಕಬ್ಬಿಣದ ಹಾಗೆ ಬಿರುಸಾಗುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಒಂದು ಬೆಳಗ್ಗೆ ಗೆಳೆಯನ ಎದೆಗೆ ಗುಂಡು ತಾಗುತ್ತದೆ, ಅವನು ಅಮ್ಮನನ್ನೂ ಅಕ್ಕನನ್ನೂ ನೆನೆಯುತ್ತಾನೆ, ಕಥೆ ಮುಗಿಯುತ್ತದೆ. ಮಕ್ಕಳು ಕಣ್ಣು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ನಾನು ಮಾತ್ರ ಒಮ್ಮೆ ಮನೆಗೆ ಬರುವಾಗ ಕೇಳಿದ್ದೆ, "ಅಲ್ಲಾ, ನಿಮ್ಮ ಯುದ್ಧದಲ್ಲಿ ಯಾರಿಗೂ ಮುಖಾನೇ ಇಲ್ವಲ್ಲ, ಬರೀ ಕಾಲೇ?" ಇವರು ಬೇಗ ಬೇಗ ಹೆಜ್ಜೆ ಹಾಕಿದರು. ಕಸುಬಿನವರಿಗೆ ಕಸುಬಿನದೇ ಕಣ್ಣು ಎಂದುಕೊಂಡು ನಾನೂ ಬಿಟ್ಟುಬಿಟ್ಟೆ.

ಈಗ ಪದಕದ ವಿಷಯ. ಆ ಯುದ್ಧಕ್ಕೆ ಹೋದವರಿಗೆಲ್ಲ ಸರ್ಕಾರ ಒಂದೊಂದು ಪದಕ ಕೊಟ್ಟಿದೆ. ಶೌರ್ಯ ಪದಕ ಬೇರೆ, ಅದನ್ನು ಪಡೆಯಲು ಸಾಯುವಷ್ಟು ಕಷ್ಟಪಡಬೇಕು. ಇದು ಹಾಗಲ್ಲ, ಹಾಜರಿ ಪದಕ. ಗುಂಡು ಹಾರಿಸಿದವನಿಗೂ ಅದೇ, ಕುದುರೆಗೆ ನೀರು ಕುಡಿಸಿದವನಿಗೂ ಅದೇ. ರಿಬ್ಬನ್ನಿನ ಮೇಲೆ ಅಡ್ಡಕ್ಕೆ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ, ಯುದ್ಧದಲ್ಲಿ ಎಲ್ಲಿದ್ದೆ ಎಂಬುದನ್ನು ಆ ಪಟ್ಟಿ ಹೇಳುತ್ತದೆ. ಇವರು ತಮ್ಮ ಪದಕವನ್ನು ತರಿಸಿಕೊಂಡಿರಲೇ ಇಲ್ಲ. ಗೆಳೆಯನ ಪದಕವೂ ಮನೆಗೆ ಬರಲಿಲ್ಲವೆಂದು ಟೀಚರಕ್ಕ ಹೇಳಿದ್ದರು. "ಅವನಿಗೇ ಬರಲಿಲ್ಲ, ನನಗ್ಯಾಕೆ?" ಎಂದು ಇವರು ಒಮ್ಮೆ ಅಂದದ್ದು ಬೀದಿಯಲ್ಲೆಲ್ಲ ಹಬ್ಬಿ, ಬೂಟು ರಿಪೇರಿಯವರು ತ್ಯಾಗಮೂರ್ತಿ ಎಂದು ಹೆಸರಾಯಿತು. ಆ ಹೆಸರಿನಿಂದ ನನಗೇನೂ ಲಾಭವಾಗಲಿಲ್ಲ, ಹೊಸ ಚಪ್ಪಲಿ ಕೇಳಿದಾಗಲೆಲ್ಲ ಹಳೆಯದಕ್ಕೇ ಹೊಸ ಅಟ್ಟೆ ಬೀಳುತ್ತಿತ್ತು.

ನಮ್ಮ ಅಳಿಯ ಒಳ್ಳೆಯವನು. ಅವನ ತೊಂದರೆಯೆಂದರೆ ಇನ್ನೊಬ್ಬರನ್ನು ಸಂತೋಷಪಡಿಸದೆ ಅವನಿಗೆ ನಿದ್ದೆ ಬರುವುದಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಕಡೆಯಿಂದ ಬರದೆ ಹಿತ್ತಿಲ ಬಾಗಿಲಿನಿಂದ ಕಳ್ಳಬೆಕ್ಕಿನ ಹಾಗೆ ಒಳಗೆ ಬಂದ.

"ಅತ್ತೆ, ಮಾವನಿಗೆ ಹೇಳಬೇಡಿ. ತರಿಸಿಬಿಟ್ಟೆ" ಎಂದು ಇನ್ನೂ ಬಿಚ್ಚಿರದ ಒಂದು ಸಣ್ಣ ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟ. "ಬರೋ ಭಾನುವಾರ ಶಾಲೆ ಹಾಲ್‌ನಲ್ಲಿ ಕಾರ್ಯಕ್ರಮ. ಮೀಸೆಯವರಿಗೆ ಹೇಳಿದ್ದಾಯ್ತು. ಪದಕ ಚುಚ್ಚೋದು ಯಾರು ಗೊತ್ತಾ? ಟೀಚರಕ್ಕ."

ಮೀಸೆ ಎಂದರೆ ಮಾಜಿ ಸೈನಿಕರ ಸಂಘದ ಅಧ್ಯಕ್ಷರು. ಅವರ ಮೀಸೆ ಮೊದಲು ಬರುತ್ತದೆ, ಅವರು ಆಮೇಲೆ ಬರುತ್ತಾರೆ. ಕೋಟಿನ ಮೇಲೆ ಪದಕಗಳನ್ನು ಒಂದರ ಮೇಲೊಂದು ಎಷ್ಟು ಒತ್ತಾಗಿ ಜೋಡಿಸಿರುತ್ತಾರೆಂದರೆ, ಯಾವ ಪಟ್ಟಿಯ ಮೇಲೆ ಏನು ಬರೆದಿದೆ ಎಂದು ಓದಲು ಹಾರೆ ಹಾಕಿ ಎಬ್ಬಿಸಬೇಕು. ಅವರ ಸಂಘದಲ್ಲಿ ಒಂದು ಪದ್ಧತಿ ಇದೆ. ಪದಕ ಚುಚ್ಚುವವರು ಮೊದಲು ಅದರ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಓದಿದ ಕೂಡಲೇ ಅದೇ ಪಟ್ಟಿ ಪಡೆದವರು ಸಭೆಯಲ್ಲಿ ಎದ್ದು ನಿಲ್ಲಬೇಕು.

ಅಳಿಯ ಹೋದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಪದಕ ಚೆನ್ನಾಗಿತ್ತು, ಕೈಗೆ ತಣ್ಣಗೆ ತಾಗಿತು. ಅಂಚಿನಲ್ಲಿ ಇವರ ನಂಬರು, ಹೆಸರು. ರಿಬ್ಬನ್ನಿನ ಮೇಲೆ ಪಟ್ಟಿ. ಕನ್ನಡಕ ಹುಡುಕಿ ತಂದು ಓದಿದೆ. "ಬಂದರು" ಎಂದಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹಡಗು ನಿಲ್ಲುವ ಬಂದರಿಗೂ ಮೇಲ್ಗಣಿವೆಗೂ ರೈಲಿನಲ್ಲಿ ಕೂತರೆ ಬೆನ್ನು ಬಿದ್ದುಹೋಗುವಷ್ಟು ದೂರ.

ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಹೋದೆ. ಇವರು ಯಾರದೋ ಬೂಟಿಗೆ ಹಿಮ್ಮಡಿ ಕೂರಿಸುತ್ತಿದ್ದರು.

"ಏನ್ರೀ ಇದು?"

ಪದಕ ನೋಡಿದರು, ಪಟ್ಟಿ ನೋಡಿದರು, ಸುತ್ತಿಗೆ ಕೆಳಗಿಟ್ಟರು. "ಯಾರು ತರಿಸಿದ್ದು?"

"ನಿಮ್ಮ ಮುದ್ದಿನ ಅಳಿಯ. ಭಾನುವಾರ ಶಾಲೇಲಿ ಟೀಚರಕ್ಕ ಇದನ್ನ ಓದಿ ನಿಮಗೆ ಚುಚ್ತಾರಂತೆ. ಸಂತೋಷವಾಗಿ ಸಾಯಿರಿ ಅಂತ ಏರ್ಪಾಡು ಮಾಡಿದ್ದಾನೆ."

"ಬಾಗಿಲು ಹಾಕು" ಎಂದರು. ಹಾಕಿದೆ. ಅಂಟಿನ ವಾಸನೆಯಲ್ಲಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ನನ್ನ ಗಂಡ ಎಲ್ಲಿ ಯುದ್ಧ ಮಾಡಿದರು ಎಂಬುದನ್ನು ನಾನು ಮೊದಲ ಬಾರಿಗೆ ಕೇಳಿದೆ.

ಇವರೂ ಗೆಳೆಯನೂ ಇದ್ದದ್ದು ಬಂದರಿನಲ್ಲಿ, ಬೂಟು ರಿಪೇರಿ ದಳದಲ್ಲಿ. ಒಂದು ದೊಡ್ಡ ಗೋದಾಮು. ಕಣಿವೆಯಿಂದ ಮೂಟೆಗಟ್ಟಲೆ ಬೂಟು ಬರುತ್ತಿತ್ತು. ಅದನ್ನು ತೊಳೆದು, ಹೊಲಿದು, ಅಟ್ಟೆ ಬಡಿದು ಮತ್ತೆ ಕಣಿವೆಗೆ ಕಳಿಸುವುದು. ಯಾರದೋ ಕಾಲಿನಿಂದ ಬಂದದ್ದು ಇನ್ಯಾರದೋ ಕಾಲಿಗೆ. ಇವರು ಮೇಲ್ಗಣಿವೆಯನ್ನು ಕಣ್ಣಿಂದ ಕಂಡಿಲ್ಲ. ಅಲ್ಲಿಯ ಕೆಂಪು ಗರಸನ್ನು ಅಟ್ಟೆಯ ಸಂದಿಯಿಂದ ಕೆರೆದು ತೆಗೆದಿದ್ದಾರೆ, ಕಲ್ಲಿನ ಚೂರನ್ನು ಇಕ್ಕಳದಲ್ಲಿ ಕಿತ್ತಿದ್ದಾರೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಆ ಬೂಟುಗಳು ಹೇಳಿದ ಕಥೆ.

"ಮತ್ತೆ ಅವನು? ಗುಂಡು?"

ಇವರು ಮೊಳೆಯ ಮುಚ್ಚಳವನ್ನು ಬೆರಳಿನಿಂದ ಆಚೆ ಸರಿಸಿದರು. "ಬಾಯಿ ತುಂಬ ಮೊಳೆ ಇಟ್ಕೊಂಡು ಅಟ್ಟೆ ಹೊಡೀತಿದ್ದ. ನಾನು ಪಕ್ಕದಲ್ಲಿದ್ದೆ. ಒಂದು ಮಾತು ಹೇಳಿದೆ. ತಮಾಷೆಗೆ. ಅವನು ನಕ್ಕ. ಒಂದು ಮೊಳೆ ಒಳಗೆ ಹೋಯ್ತು."

"ನುಂಗಿದನಾ?"

"ನುಂಗಿದ್ರೆ ಬದುಕ್ತಿದ್ದನೇನೋ. ಉಸಿರಿನ ಕೊಳವೆಗೆ ಹೋಯ್ತು. ಮೊದಮೊದಲು ಅವನಿಗೂ ಅದು ತಮಾಷೇನೇ. ಆಮೇಲೆ ಕೆಮ್ಮು, ಜ್ವರ. ವಾರ ತುಂಬಲಿಲ್ಲ."

"ಏನು ಮಾತು ಹೇಳಿದ್ರಿ?"

"ಬಿಡು" ಎಂದರು. ಆ ಧ್ವನಿ ಕೇಳಿ ನಾನು ಬಿಟ್ಟೆ.

ಸೈನ್ಯದಿಂದ ಮನೆಗೆ ಹೋದ ತಂತಿಯಲ್ಲಿ 'ಕರ್ತವ್ಯದಲ್ಲಿದ್ದಾಗ ಮರಣ' ಎಂದಷ್ಟೇ ಇತ್ತಂತೆ. ಎಲ್ಲಿದ್ದೇವೆ ಎಂದು ಯಾರೂ ಮನೆಗೆ ಬರೆಯುವ ಹಾಗಿರಲಿಲ್ಲ. ಆ ಗೆಳೆಯನೋ ತುಂಟ. 'ಅಮ್ಮಾ, ನಾವು ದೊಡ್ಡ ಬೆಟ್ಟದ ಬುಡದಲ್ಲೇ ಮಲಗ್ತೀವಿ' ಎಂದು ಬರೆದಿದ್ದ. ಅವನು ಬೆಟ್ಟ ಎಂದದ್ದು ಬೂಟಿನ ರಾಶಿಗೆ. ತಾಯಿ ಬೆಟ್ಟವೆಂದರೆ ಮೇಲ್ಗಣಿವೆ ಎಂದುಕೊಂಡು ಬೀದಿಗೆಲ್ಲ ಹೇಳಿದ್ದರು.

"ಚೀಲ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ನಾನು ಬಾಯಿ ಬಿಡೋ ಮೊದಲೇ ಅವರಮ್ಮ ಕೇಳಿದ್ರು, 'ಕಣಿವೇಲಿ ತಾನೇ?' ಅಂತ. ನಾನು ಹೂಂ ಅಂತ ತಲೆಯಾಡಿಸಿದೆ. ನಾನು ಮಾಡಿದ್ದು ಅಷ್ಟೇ ಕಣೇ. ಉಳಿದದ್ದೆಲ್ಲ ಅದಕ್ಕೆ ಹಾಕಿದ ತೇಪೆ."

ನನಗೆ ವಿಪರೀತ ಸಿಟ್ಟು ಬಂತು. ಸುಳ್ಳು ಹೇಳಿದರೆಂದಲ್ಲ. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿ, ನನ್ನ ಹಲ್ಲುನೋವಿನಿಂದ ಹಿಡಿದು ಎಲ್ಲವನ್ನೂ ಇವರ ಕಿವಿಗೆ ಹಾಕಿದ್ದೇನೆ. ಇವರು ಇಷ್ಟು ದೊಡ್ಡದನ್ನು ಒಬ್ಬರೇ ಹೊತ್ತುಕೊಂಡು ಕೂತಿದ್ದರಲ್ಲ ಎಂದು ಸಿಟ್ಟು. ಮೊಳೆಯನ್ನು ಬಾಯಿಗೆ ಹಾಕಿಕೊಳ್ಳಿ ಎಂದು ನಾನು ದಿನಾ ಗೊಣಗಿದ್ದು ನೆನಪಾಗಿ ಸಿಟ್ಟು ನನ್ನ ಮೇಲೇ ತಿರುಗಿತು. ಎದ್ದು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದೆ. ಅದಕ್ಕಿಂತ ಹೆಚ್ಚಿನದು ಏನೂ ತೋಚಲಿಲ್ಲ.

"ಆ ಪಟ್ಟಿ ಕಿತ್ತುಹಾಕಿ" ಎಂದೆ. "ಇಕ್ಕಳ ಇದೆಯಲ್ಲ."

"ಪಟ್ಟಿ ಇಲ್ಲದ ಪದಕ ಅಂದ್ರೆ ರೈಲೇ ಹತ್ತದೆ ಮನೆ ಹತ್ತಿರ ಡಿಪೋದಲ್ಲಿ ಕೂತವರದ್ದು. ಸಂಘದವರಿಗೆಲ್ಲ ಗೊತ್ತು."

"ಹಾಗಾದ್ರೆ ಜ್ವರ ಅಂತ ಮಲಗಿ."

"ಟೀಚರಕ್ಕ ಮನೆಗೇ ಬಂದು ಚುಚ್ತಾರೆ." ಇವರು ಚಹಾ ಮುಟ್ಟಲಿಲ್ಲ. "ನನ್ನ ಮರ್ಯಾದೆ ಹೋಗ್ಲಿ, ಬೀದಿ ನಗಲಿ. ಅದಲ್ಲ. ತಮ್ಮನದು ಅಂತ ಅವರ ಹತ್ರ ಉಳಿದಿರೋದು ಆ ಸಾವೊಂದೇ. ಅದನ್ನೂ ಸಭೆ ಎದುರು ಅವರ ಬಾಯಿಂದಲೇ ಓದಿಸಿ ಕಿತ್ಕೊಳ್ಳೋದಾ?"

"ಹಾಗಾದ್ರೆ ಸಭೆಗೆ ಮೊದಲೇ ಹೋಗಿ ಹೇಳಿ. ಮನೇಲಿ, ಒಬ್ಬರೇ ಇದ್ದಾಗ."

ಹೇಳುತ್ತೇನೆಂದು ಹೋದರು. ಕಿಟಕಿಯ ಹತ್ತಿರ ನಿಂತು ಕಾದೆ. ಬಹಳ ಹೊತ್ತಿನ ಮೇಲೆ ಟೀಚರಕ್ಕನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದರು.

"ಬಾರು ಕಿತ್ತಿತ್ತು" ಎಂದರು.

"ಮತ್ತೆ ಮಾತು?"

"ಪದಕ ಬಂತಂತಲ್ಲ, ತೋರಿಸು ಅಂದ್ರು. ಸಭೇಲೇ ನೋಡಿ ಅಂದೆ. ಸರಿ, ಇಷ್ಟು ದಿನ ಕಾದಿದ್ದೀನಿ, ಇನ್ನೆರಡು ದಿನ ಕಾಯೋದೇನು ಅಂದ್ರು."

ಮರುದಿನ ಚಪ್ಪಲಿ ವಾಪಸು ಕೊಡಲು ಹೋಗಿ ಅವರ ಛತ್ರಿ ಹಿಡಿದುಕೊಂಡು ಬಂದರು. ಛತ್ರಿ ರಿಪೇರಿ ಇವರಿಗೆ ಬರುವುದೇ ಇಲ್ಲ. ನಾನೇ ಹೋಗಿ ಹೇಳುತ್ತೇನೆಂದು ಹೊರಟರೆ ಕೈ ಹಿಡಿದು ನಿಲ್ಲಿಸಿದರು. "ಹೇಳಬೇಕಾದವನು ನಾನು" ಎಂದರು. ಹೇಳಬೇಕಾದವರು ಶನಿವಾರವಿಡೀ ಛತ್ರಿಯ ಕಡ್ಡಿ ಬಗ್ಗಿಸುತ್ತಾ ಕೂತರು.

ಭಾನುವಾರ ಹಾಲ್ ತುಂಬಿತ್ತು. ಅಳಿಯ ಬೀದಿಯಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ. ಬ್ಯಾಂಕಿನ ಕಾವಲುಗಾರ, ಹಾಲಿನಂಗಡಿಯವಳು, ಇವರ ಕಥೆ ಕೇಳಿ ಬೆಳೆದು ಈಗ ತಮ್ಮ ಮಕ್ಕಳನ್ನು ಕರೆತಂದವರು, ಎಲ್ಲರೂ ಇದ್ದರು. ಸಂಘದ ಮುದುಕರು ಕೋಟು ಹಾಕಿಕೊಂಡು ಒಂದು ಕಡೆ ಸಾಲಾಗಿ ಕೂತಿದ್ದರು. ವೇದಿಕೆಯ ಮೇಲೆ ಇವರು, ಟೀಚರಕ್ಕ, ಮೀಸೆ. ಇವರ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಜನ ಅದನ್ನು ವಿನಯ ಎಂದುಕೊಂಡರು.

ಮೀಸೆಯವರು ಮೇಲ್ಗಣಿವೆಯ ಬಗ್ಗೆ ಮಾತಾಡಿದರು. ಎಂದೂ ಅಷ್ಟು ಚೆನ್ನಾಗಿ ಮಾತಾಡಿದವರಲ್ಲ. ಆ ಹಿಮ, ಆ ಗಾಳಿ, ಅಲ್ಲಿ ನಿಂತವರ ಗುಂಡಿಗೆ ಎಂಥದ್ದು ಎಂದು ಮೇಜು ಗುದ್ದಿ ಹೇಳಿದರು. "ಆ ವೀರರಲ್ಲಿ ಒಬ್ಬರು ನಮ್ಮ ಬೀದಿಯಲ್ಲಿ ಚಪ್ಪಲಿ ಹೊಲೀತಾ ಕೂತಿದ್ದಾರೆ" ಎಂದಾಗ ಚಪ್ಪಾಳೆ ಬಿತ್ತು. ನಾನು ಎರಡನೇ ಸಾಲಿನಲ್ಲಿ ಕೂತು, ನೆಲ ಬಾಯಿ ಬಿಡಬಾರದೇ ಎಂದುಕೊಂಡೆ. ಇವರು ಎದ್ದು ಟೀಚರಕ್ಕನ ಕಡೆ ಬಾಗಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅಳಿಯ ತಂದುಕೊಟ್ಟ ಪೆಟ್ಟಿಗೆಯನ್ನು ಮೀಸೆ ಅವರ ಕೈಗೆ ಕೊಟ್ಟಾಗಿತ್ತು.

ಟೀಚರಕ್ಕ ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ನೋಡಿದರು. ಆಮೇಲೆ ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ ಓದಿದರು.

"ಬಂದರು."

ಎದ್ದು ನಿಲ್ಲಲು ಕುರ್ಚಿಯ ತುದಿಗೆ ಸರಿದಿದ್ದ ಕಣಿವೆಯ ಮುದುಕರು ಅಲ್ಲೇ ಉಳಿದರು, ಅರ್ಧ ಎದ್ದವರು ಅರ್ಧದಲ್ಲೇ. ಅಳಿಯ ನನ್ನ ಕಡೆ ತಿರುಗಿ, "ಅತ್ತೆ, ತಪ್ಪು ಕಳಿಸಿದ್ದಾರಾ?" ಎಂದ. ಮೀಸೆಯವರು ಮೈಕಿಗೆ ಕೈ ಹಾಕಿ ಎದ್ದರು. ಮೈಕು ಸರಿಪಡಿಸಲು ಎದ್ದರೋ, ಪಟ್ಟಿಯ ಹೆಸರಿಗೆ ಎದ್ದರೋ ಇವತ್ತಿಗೂ ಯಾರಿಗೂ ತಿಳಿಯದು. ಆದರೆ ಎದ್ದವರು ಮತ್ತೆ ಕೂರಲಿಲ್ಲ, ಮೈಕನ್ನೂ ಮುಟ್ಟಲಿಲ್ಲ. ಕೈ ನೇರ ಮಾಡಿಕೊಂಡು, ಮುಖ ಕೆಂಪಾಗಿ, ನಿಂತೇ ಇದ್ದರು. ಹಿಂದಿನ ಸಾಲಿನಲ್ಲಿ ಬ್ಯಾಂಕಿನ ಕಾವಲುಗಾರನೂ ಕೆಮ್ಮುತ್ತಾ ಎದ್ದ. ಅವನು ಕಣಿವೆಯಲ್ಲಿ ಮೆಷಿನ್ ಗನ್ ಹೊಡೆದವನೆಂದು ನಾವೆಲ್ಲ ನಂಬಿದ್ದೆವು.

ಟೀಚರಕ್ಕ ಪದಕವನ್ನು ಇವರ ಕೋಟಿಗೆ ಚುಚ್ಚಿದರು. ಚುಚ್ಚಿ, ತಮ್ಮ ಕೈಚೀಲ ತೆರೆದು, ಹಳೆಯ ಕರವಸ್ತ್ರದಲ್ಲಿ ಸುತ್ತಿದ್ದ ಇನ್ನೊಂದು ಪದಕ ತೆಗೆದರು. ರಿಬ್ಬನ್ನು ಮಾಸಿತ್ತು. ಸತ್ತವರ ಪದಕವನ್ನು ಮನೆಯವರು ಎದೆಯ ಬಲಗಡೆ ಹಾಕಿಕೊಳ್ಳಬೇಕು, ಎಡಗಡೆ ಹೋಗಿ ಬಂದವರಿಗೆ. ಅವರು ಬಲಗಡೆಗೆ ಹಾಕಿಕೊಂಡರು.

"ಇದು ನನ್ನ ತಮ್ಮಂದು" ಎಂದರು. "ಇದೂ ಬಂದರೇ." ಆಮೇಲೆ ಮಕ್ಕಳ ಕಡೆ ತಿರುಗಿದರು. "ಪ್ರತಿ ವರ್ಷ ಕಣಿವೆ ಕಥೆ ಹೇಳಿ ಅಂತ ಇವರನ್ನ ಕರೆಸಿದ್ದು ನಾನು. ನೀವು ಎಲ್ಲಿದ್ರಿ ಅಂತ ನಾನು ಒಂದು ಸಲಾನೂ ಕೇಳಲಿಲ್ಲ. ಕೇಳದೆ ಇದ್ದದ್ದು ನನ್ನ ತಪ್ಪು. ಈಗ ಚಪ್ಪಾಳೆ ಹೊಡೀರಿ."

ಮಕ್ಕಳಿಗೆ ಬಂದರಾದರೇನು, ಕಣಿವೆಯಾದರೇನು. ಟೀಚರು ಹೇಳಿದರೆಂದು ಹೊಡೆದವು. ಮಕ್ಕಳನ್ನು ನೋಡಿ ದೊಡ್ಡವರೂ ಹೊಡೆದರು. ಮೀಸೆಯವರು ಎಲ್ಲರಿಗಿಂತ ಜೋರಾಗಿ ಹೊಡೆದರು.

ಜನ ಚದುರಿದ ಮೇಲೆ ಟೀಚರಕ್ಕ ನಮ್ಮಿಬ್ಬರನ್ನು ಪಕ್ಕದ ತರಗತಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊರಗೆ ಅಳಿಯ ಕುರ್ಚಿ ಜೋಡಿಸುವ ಸದ್ದು. ಒಳಗಿದ್ದದ್ದು ಒಂದನೇ ತರಗತಿಯ ಬೆಂಚು, ಕೂತರೆ ಮಂಡಿ ಗದ್ದಕ್ಕೆ ಬರುತ್ತದೆ. ಇವರು ಶಿಕ್ಷೆಗೆ ಕಾದ ಹುಡುಗನ ಹಾಗೆ ಕೂತರು.

"ಅದು ಯಾವಾಗ ಬಂತು?" ಎಂದು ನಾನೇ ಕೇಳಿದೆ, ಅವರ ಬಲಗಡೆಯ ಎದೆ ತೋರಿಸಿ.

"ಇವನು ಚೀಲ ತಂದ ಮರುವರ್ಷವೇ. ಅಂಚೆಯವನ ಕೈಯಿಂದ ನಾನೇ ಇಸ್ಕೊಂಡೆ. ಪಟ್ಟಿ ನೋಡಿ ಅಮ್ಮನಿಂದ ಬಚ್ಚಿಟ್ಟೆ. ಬರಲಿಲ್ಲ ಅಂದುಬಿಟ್ಟೆ. ಅವಳಿಗೆ ಕಣಿವೆ ಬೇಕಾಗಿತ್ತು, ಇರ್ಲಿ ಅಂತ."

ಇವರು ತಲೆ ಎತ್ತಿದರು. "ಆಗಿನಿಂದ ಗೊತ್ತಾ, ಅಕ್ಕಾ?"

"ಗೊತ್ತು. ಅಮ್ಮ ಹೋದ ಮೇಲೆ ನೀನೇ ಹೇಳ್ತೀಯ ಅಂತ ಕಾದೆ. ನೀನು ಹೇಳಲಿಲ್ಲ. ಶಾಲೆಗೆ ಕರೆಸಿ ಕಥೆ ಹೇಳಿಸಿದ್ದೂ ಅದಕ್ಕೇ. ಹೇಳ್ತಾ ಹೇಳ್ತಾ ಒಂದು ವರ್ಷ ಬಾಯಿ ತಪ್ಪಿ ನಿಜ ಬರುತ್ತೆ ಅಂದ್ಕೊಂಡೆ. ನೀನೋ ವರ್ಷದಿಂದ ವರ್ಷಕ್ಕೆ ಹಿಮ ಜಾಸ್ತಿ ಮಾಡ್ತಾ ಹೋದೆ." ಕರವಸ್ತ್ರ ಮಡಿಚಿ ಕೈಚೀಲಕ್ಕೆ ಹಾಕುತ್ತಾ ಮುಂದುವರಿಸಿದರು, "ನಿನ್ನ ಅಳಿಯನಿಗೆ ಪದಕ ತರಿಸೋ ಅಂದದ್ದೂ ನಾನೇ. ನನಗೂ ವಯಸ್ಸಾಯ್ತು. ಇನ್ನು ಕಾಯೋಕಾಗಲ್ಲ. ಈಗ ಹೇಳು, ಅವನು ಹೇಗೆ ಹೋದ?"

ಇವರು ಹೇಳಿದರು. ಗೋದಾಮು, ಬೂಟಿನ ಬೆಟ್ಟ, ಬಾಯಲ್ಲಿ ಮೊಳೆ, ಕೆಮ್ಮು, ಜ್ವರ, ಎಲ್ಲ. ಹಿಮ ಸುರಿಸಲಿಲ್ಲ. ಮುಗಿಸಿ, "ನನ್ನ ಮಾತಿಂದ ಹೋದ, ಅಕ್ಕಾ. ನಾನು ನಗಿಸದೆ ಇದ್ದಿದ್ರೆ ಇರ್ತಿದ್ದ" ಎಂದು ಮುಖ ಮುಚ್ಚಿಕೊಂಡರು. ಇಷ್ಟು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಟೀಚರಕ್ಕ ಅಳಲಿಲ್ಲ. "ನಗ್ತಾ ಇದ್ದನಾ?" ಎಂದರು.

"ಹೂಂ."

"ಏನು ಹೇಳಿದ್ದೆ?"

"ಬೇಡ ಅಕ್ಕಾ."

"ಹೇಳು."

ಇವರು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡರು. "ಆ ದಿನ ಕಣಿವೆಯಿಂದ ಒಂದು ಮೂಟೆ ಬಂತು. ಬಿಚ್ಚಿ ನೋಡಿದ್ರೆ ಬರೀ ಎಡಗಾಲಿಂದೇ. ಒಂದೂ ಬಲಗಾಲಿನ ಬೂಟಿಲ್ಲ. ಅವನು, 'ಏನೋ ಇದು, ಬಲಗಾಲೆಲ್ಲ ಎಲ್ಲಿ ಹೋದ್ವು?' ಅಂದ. ಅದಕ್ಕೆ ನಾನು, 'ಬಲಗಾಲು ಮುಂದೆ ನುಗ್ತಾ ಇದೆ. ಎಡಗಾಲು ರಜೆ ಹಾಕಿ ವಾಪಸ್ ಬಂದಿದೆ' ಅಂದೆ."

ಹೊರಗೆ ಕುರ್ಚಿ ಎಳೆಯುವ ಸದ್ದು ನಿಂತಿತ್ತು.

"ಇಷ್ಟೇನಾ?" ಎಂದರು ಟೀಚರಕ್ಕ.

"ಇಷ್ಟೇ."

"ಇದಕ್ಕಾ ನಕ್ಕಿದ್ದು ಅವನು?"

"ಹೂಂ. ಬಿದ್ದು ಬಿದ್ದು."

ಟೀಚರಕ್ಕ ಎದೆಯ ಮೇಲಿನ ಪದಕವನ್ನು ಹಿಡಿದುಕೊಂಡರು. "ಚಿಕ್ಕವನಿದ್ದಾಗಿಂದ ಹಾಗೇ ಅವನು. ಊಟಕ್ಕೆ ಕೂತ್ರೆ ಏನಾದ್ರೂ ನೆನೆಸ್ಕೊಂಡು ಕಿಸಕ್ ಅನ್ನೋನು. ಬಾಯಲ್ಲಿ ತುತ್ತಿದ್ದಾಗ ನಗಬೇಡ್ವೋ ಅಂತ ಅಮ್ಮ ಬೈದು ಬೈದು ಸಾಕಾಗಿದ್ಲು." ಅವರ ಬಾಯಿ ಒಂದು ಕಡೆ ಸೊಟ್ಟಗಾಯಿತು. ಅಳುತ್ತಾರೆಂದು ನಾನು ಎದ್ದೆ. ಅವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬೆಂಚು ಅಲುಗುವ ಹಾಗೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳು" ಎಂದರು.

ಇವರು ಇನ್ನೊಂದು ಸಲ ಹೇಳಿದರು. ಈ ಸಲ ಮೂಟೆ ಬಿಚ್ಚುವುದನ್ನು ಕೈಯಲ್ಲಿ ಮಾಡಿ ತೋರಿಸಿದರು, ಗೆಳೆಯನ ಧ್ವನಿಯನ್ನು ಅಣಕಿಸಿದರು, ರಜೆ ಎಂಬಲ್ಲಿ ಒಂದು ಕ್ಷಣ ತಡೆದು ಹುಬ್ಬು ಏರಿಸಿದರು. ನಾನು ಇವರನ್ನೇ ನೋಡುತ್ತಾ ನಿಂತೆ. ನನ್ನ ಗಂಡನ ಬಾಯಿಂದ ನಾನು ಕೇಳಿದ ಮೊದಲ ಜೋಕು ಅದು. ಅಂಥ ಚೆನ್ನಾಗಿಯೇನೂ ಇರಲಿಲ್ಲ.